ಬೇರೆ ಪಾಳಿ

ಬಚ್ಚಲಿಂದ ಹೊರಬೀಳುವ ಮೊದಲು ಶಿವಯೋಗೆಪ್ಪ ಟವೆಲ್ಲನ್ನು ಎರಡೂ ಹೆಗಲಿಗೆ ಬರುವಂತೆ ಹೊದ್ದು, ಅದರ ತುದಿಗಳನ್ನು ಎದೆಯ ಮೇಲೆ ಎಳೆದುಕೊಂಡ. ಚಳಿಯೇನೂ ಇರಲಿಲ್ಲ. ಬಿಸಿಲು ಆಗಲೇ ಅಂಗಳಕ್ಕೆ ಇಳಿದಿತ್ತು. ಒಲೆಯ ಮುಂದೆ ಕೂತ ಅಕ್ಕ ಗೌರವ್ವ ತಿರುಗಿ ನೋಡಿದರೆ ತನ್ನ ಕೊರಳು ಕಾಣಬಾರದು ಎಂಬುದಷ್ಟೇ ಅವನ ಕಾಳಜಿ. ಆ ಕೊರಳಲ್ಲಿ ಲಿಂಗವಿಲ್ಲದೆ ಆರೇಳು ವರ್ಷವಾಗಿತ್ತು. ಬಿಳೂರಿನ ಈ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವನೇ ನೋಡಿಕೊಂಡಿದ್ದ. ಊರಿಗೆ ಬಂದರೆ ಒಂದು ರಾತ್ರಿಗಿಂತ ಹೆಚ್ಚು ಉಳಿಯುತ್ತಿರಲಿಲ್ಲ, ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಿರಲಿಲ್ಲ. ಈ ಮನೆಯಲ್ಲಿ ಸ್ನಾನವಾದ ಮೇಲೆ ಲಿಂಗಪೂಜೆ, ಪೂಜೆಯಾದ ಮೇಲೆ ಬಾಯಿಗೆ ನೀರು. ಸಂಜೆಯೂ ಅಷ್ಟೆ, ಪೂಜೆಯಾಗದೆ ಉಣ್ಣುವ ಮಾತಿಲ್ಲ. ದೇವರ ಕೋಣೆ ಒಬ್ಬರು ಕೂತರೆ ಇನ್ನೊಬ್ಬರು ಕಾಲು ಮಡಚಲಾಗದಷ್ಟು ಇಕ್ಕಟ್ಟಾದ್ದರಿಂದ ಹಿರಿಯರು ಮೊದಲು, ಕಿರಿಯರು ಆಮೇಲೆ, ಒಬ್ಬೊಬ್ಬರಾಗಿ ಪಾಳಿ. ತನ್ನ ಪಾಳಿ ಬಂದಾಗ ಶಿವಯೋಗೆಪ್ಪ ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡು ಮಣೆಯ ಮೇಲೆ ಕೂಡುತ್ತಿದ್ದ. ಹೊರಗೆ ಕೇಳಲೆಂದು ಚಂಬಿನ ನೀರನ್ನು ತಟ್ಟೆಗೆ ನಿಧಾನ ಬಿಡುತ್ತಿದ್ದ. ಹಣೆಗೆ ವಿಭೂತಿ ಎಳೆದುಕೊಂಡು, ಇಷ್ಟು ಹೊತ್ತು ಸಾಕೆನಿಸಿದಾಗ ಎದ್ದು ಬರುತ್ತಿದ್ದ. ಈ ನಾಟಕಕ್ಕೆ ಬೇಕಾಗುತ್ತಿದ್ದ ಶ್ರದ್ಧೆಯಲ್ಲಿ ಅರ್ಧದಷ್ಟು ಸಾಕಿತ್ತು, ನಿಜವಾದ ಪೂಜೆಯನ್ನೇ ಮಾಡಿಬಿಡಬಹುದಿತ್ತು ಎಂದು ಒಮ್ಮೊಮ್ಮೆ ಅವನಿಗೇ ನಗು ಬರುತ್ತಿತ್ತು. ಇವತ್ತು ಬರಲಿಲ್ಲ. ನಾಳೆ ಅಕ್ಕನನ್ನು ವಿಮಾನ ಹತ್ತಿಸಬೇಕಾಗಿತ್ತು.

ಅಕ್ಕನ ಮಗಳು ಸೃಷ್ಟಿ ಕೊಚ್ಚಿಯಲ್ಲಿದ್ದಳು. ಅವಳ ಗಂಡ ಮಲ್ಲು ಅಲ್ಲಿದ್ದ ಶಿವಯೋಗೆಪ್ಪನ ಗಲಾಯಿ ಅಂಗಡಿಯಲ್ಲೇ ಕೆಲಸಕ್ಕಿದ್ದ. ಹಳೆಯ ಚಿನ್ನ ಕರಗಿಸಿ ಶುದ್ಧ ಮಾಡಿಕೊಡುವ ಈ ದಂಧೆಯನ್ನು ಹಿಡಿದುಕೊಂಡು ಈ ಸೀಮೆಯ ಜನ ದೇಶದ ಯಾವ ಪೇಟೆಗೆ ಹೋಗಿಲ್ಲ ಎಂದು ಕೇಳಬೇಕು. ಸೃಷ್ಟಿಗೆ ಚೊಚ್ಚಿಲ ಬಸಿರು, ದಿನ ತುಂಬುವ ಮೊದಲೇ ರಕ್ತದೊತ್ತಡ ಏರಿ ಡಾಕ್ಟರು ಇನ್ನು ಕಾಯುವುದು ಬೇಡ, ನಾಳೆ ಸಂಜೆ ಆಪರೇಶನ್ ಮಾಡಿಬಿಡೋಣ ಅಂದಿದ್ದರು. ಹುಡುಗಿ ಫೋನಿನಲ್ಲಿ ಅತ್ತಿರಲಿಲ್ಲ. ಅವ್ವ ಬಂದರೆ ಒಳಗೆ ಹೋಗುತ್ತೇನೆ ಎಂದಷ್ಟೇ ಹೇಳಿದ್ದಳು. ಮಿರಜಿನಿಂದ ರೈಲಿಗೆ ಹೋದರೆ ಮುಟ್ಟುವುದಿಲ್ಲ. ಮುಂಬೈಗೆ ಕೆಲಸದ ಮೇಲೆ ಬಂದಿದ್ದ ಶಿವಯೋಗೆಪ್ಪ ಅಲ್ಲಿಂದಲೇ ಎರಡು ಟಿಕೀಟು ಮಾಡಿಸಿ, ಇರುಳೆಲ್ಲ ಕಾರಿನಲ್ಲಿ ಕೂತು ಬೆಳಗಾಗುವಾಗ ಬಿಳೂರಿಗೆ ಬಂದು ಇಳಿದಿದ್ದ. ನಾಳೆ ನಸುಕಿನಲ್ಲಿ ಅದೇ ಕಾರು, ಪುಣೆ, ಅಲ್ಲಿಂದ ವಿಮಾನ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಇದ್ದದ್ದು ಸೃಷ್ಟಿಯಾಗಲಿ ಅವಳ ಹೊಟ್ಟೆಯಲ್ಲಿರುವ ಕೂಸಾಗಲಿ ಅಲ್ಲ. ತಪಾಸಣೆಯ ಬಾಗಿಲು. ಅಕ್ಕನ ಎದೆಯ ಮೇಲಿನ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಆ ಬಾಗಿಲಲ್ಲಿ ಕೂಗುತ್ತದೆ. ಹೆಣ್ಣು ಪೊಲೀಸು ಪರದೆಯ ಹಿಂದೆ ಕರೆದು ಇದೇನು ಎಂದು ಕೇಳುತ್ತಾಳೆ. ಅಕ್ಕ ಅದನ್ನು ತೆಗೆಯುವುದಿಲ್ಲ. ಆಗ ಅವಳು ತಮ್ಮನ ಕಡೆ ತಿರುಗಿ, ನೀನು ಹೇಗೆ ಹೋಗುತ್ತೀ ಎಂದು ಕೇಳುತ್ತಾಳೆ. ಅದನ್ನು ಅವಳು ಕೇಳದಂತೆ ಮಾಡುವುದು ಹೇಗೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ತಾಯಿಯ ಮುಖ ನೆನಪಿಲ್ಲದ ಅವನನ್ನು ಎತ್ತಿ ಆಡಿಸಿದವಳು ಅವಳು. ತಾನು ಮದುವೆಯಾಗಿ ಈ ಮನೆಗೆ ಬರುವಾಗ ಅವನನ್ನೂ ಕರೆದುಕೊಂಡು ಬಂದವಳು. ಅವನಿಗೆ ಲಿಂಗಧಾರಣೆ ಮಾಡಿಸಿದ ದಿನ ಅಯ್ಯನವರ ಮುಂದೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇದು ಬಿದ್ದರೆ ನೀನು ಬಿದ್ದಂತೆ ಎಂದು ಕಿವಿಯಲ್ಲಿ ಹೇಳಿದವಳೂ ಅವಳೇ. ಈ ಮನೆ ಒಂದಿಲ್ಲದಿದ್ದರೆ ತನಗೆ ಊರೆಂಬುದೇ ಇಲ್ಲವೆಂದು ಅವನಿಗೆ ಗೊತ್ತಿತ್ತು. ಹೆದರಿಕೆಯಾಗುತ್ತಿದ್ದದ್ದು ಅದಕ್ಕೆ.

ದೇವರ ಕೋಣೆಯಲ್ಲಿ ಎಂದಿನಂತೆ ನೀರು ಬಿಟ್ಟು, ವಿಭೂತಿ ಹಚ್ಚಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು ಬಂದು ಉಪ್ಪಿಟ್ಟು ತಿಂದ. ಅಕ್ಕ ಗಂಟು ಕಟ್ಟುತ್ತಿದ್ದಳು. ಅಂಟಿನುಂಡಿ, ಬಾಣಂತಿಯ ಖಾರ, ಹಳೆಯ ಮೆತ್ತನೆಯ ಸೀರೆಯ ತುಂಡುಗಳು, ಒಂದು ಸಣ್ಣ ಈಳಿಗೆ. ಈಳಿಗೆ ಬಿಡುವುದಿಲ್ಲ ಅಕ್ಕಾ ಎಂದು ಅವನು ಅಂದಾಗ ಅವಳು ಅದನ್ನು ತೆಗೆದು ಗೋಡೆಗೆ ಒರಗಿಸಿದಳು. ಅಷ್ಟು ಸುಲಭದಲ್ಲಿ ಅವಳು ಕೇಳಿದ್ದು ನೋಡಿ, ಇದೇ ಉಸಿರಿನಲ್ಲಿ ಕರಡಿಗೆಯ ಮಾತನ್ನೂ ಹೇಳಿಬಿಡಬೇಕೆನಿಸಿತು. ಅಷ್ಟರಲ್ಲಿ ಪಕ್ಕದ ಮನೆಯ ಇನಾಯತ ಕೆಮ್ಮುತ್ತ ಒಳಗೆ ಬಂದ. ಜತ್ತದ ಪೇಟೆಯಲ್ಲಿ ಬಳೆಯ ಅಂಗಡಿಯಿದ್ದ ಇನಾಯತ ಐದಾರು ವರ್ಷದ ಹಿಂದೆ ಹಜ್‌ಗೆ ಹೋಗಿಬಂದಿದ್ದ. ಬಿಳೂರಿನ ಆ ಓಣಿಯಲ್ಲಿ ಶಿವಯೋಗೆಪ್ಪನನ್ನು ಬಿಟ್ಟರೆ ವಿಮಾನ ಕಂಡವನು ಅವನೊಬ್ಬನೇ ಆದ್ದರಿಂದ ವಿಮಾನದ ವಿಷಯದಲ್ಲಿ ಇನ್ನೊಬ್ಬರು ಬಾಯಿ ತೆರೆಯುವುದು ಅವನಿಗೆ ಸೇರುತ್ತಿರಲಿಲ್ಲ. ಅವನ ಹಿಂದೆ ಸೊಸೆ ಮೆಹನಾಜ ಒಂದು ಡಬ್ಬಿಯಲ್ಲಿ ಒಣಖರ್ಜೂರ ತಂದಿದ್ದಳು, ಸೃಷ್ಟಿಗೆ.

"ಗೌರವ್ವಾ, ಅಂಜಬ್ಯಾಡ," ಇನಾಯತ ಕಟ್ಟೆಯ ಮೇಲೆ ಕೂಡುತ್ತಲೇ ಶುರುಮಾಡಿದ. "ಮ್ಯಾಲ ಹೋದಾಗ ಕಿವಿ ಗುಂಯ್ ಅಂತಾವು, ಒಂದ ಲವಂಗ ಬಾಯಾಗ ಇಟ್ಕೋ. ವಿಮಾನದೇನೂ ತ್ರಾಸಿಲ್ಲ. ತ್ರಾಸ ಇರೂದು ಕೆಳಗ. ಪಾಳಿ! ಯಪ್ಪಾ, ಎಂಥಾ ಪಾಳಿ ಅಂತಿ! ನಿಂತು ನಿಂತು ನನ್ನ ಮೊಣಕಾಲ ಹೋಗಿದ್ದು ಅಲ್ಲೇ."

"ಶಿವ್ಯಾ ಇರ್ತಾನಲ್ಲ ಜೋಡೀಗಿ," ಗೌರವ್ವ ಗಂಟಿನ ಮೇಲೆ ಮೊಣಕಾಲಿಟ್ಟು ಬಿಗಿಯುತ್ತ ಅಂದಳು.

"ಜೋಡೀಗಿ ಹೆಂಗಿರ್ತಾನ? ಅವನ ಪಾಳಿ ಬ್ಯಾರೆ. ಹೌದಿಲ್ಲೋ ಶಿವಯೋಗೆಪ್ಪಾ? ಹ್ವಾದ ಸಲ ನೀನ ಹೇಳಿದ್ದಿ. ಕಾರ್ಡ ತೋರ್ಸಿದ್ರ ಸುಂಯ್ ಅಂತ ಒಳಗ ಬಿಡ್ತಾರ ಅಂತ."

ಹೋದ ಸಲ ಅದನ್ನು ಹೇಳಿದ್ದು ಹೌದು, ತುಸು ಹೆಮ್ಮೆಯಿಂದಲೇ ಹೇಳಿದ್ದ. ಮೇಲಿಂದ ಮೇಲೆ ಹಾರುವವರಿಗೆ ವಿಮಾನದ ಕಂಪನಿಯವರು ಒಂದು ಕಾರ್ಡು ಕೊಡುತ್ತಿದ್ದರು, ಅದಿದ್ದವರಿಗೆ ತಪಾಸಣೆಗೆ ಬೇರೆ ಪಾಳಿ. ಪಾಳಿ ಎನ್ನುವುದಕ್ಕಿಂತ ಪಾಳಿಯೇ ಇಲ್ಲದ ಹಾದಿ ಎನ್ನಬೇಕು. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಏನು ತೆಗೆಯಬೇಕೆಂದು ಯಾರ ಕೈಯೂ ತಡಕಾಡುವುದಿಲ್ಲ. ಹಗ್ಗದ ಆಚೆ ಉದ್ದನೆಯ ಸಾಲು. ಅದರಲ್ಲಿ ಗಂಟು ಹೊತ್ತ ಮುದುಕಿಯರು, ಅಳುವ ಕೂಸುಗಳು, ಟಿಕೀಟನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲಿ ತೋರಿಸಬೇಕೆಂದು ತಿಳಿಯದೆ ನಿಂತ ಧೋತರದವರು. ಅವರನ್ನು ದಾಟಿಕೊಂಡು ಹೋಗುವಾಗ ಶಿವಯೋಗೆಪ್ಪನಿಗೆ ಪ್ರತಿ ಸಲವೂ ಒಂದು ಬಗೆಯ ಸುಖವಾಗುತ್ತಿತ್ತು. ಆ ಸುಖ ಎಲ್ಲಿಯದೆಂದೂ ಅವನಿಗೆ ಗೊತ್ತಿತ್ತು. ಹುಡುಗನಾಗಿದ್ದಾಗ ಅಪ್ಪನ ಜೊತೆ ಹೊಲದ ಉತಾರದ ಕಾಗದ ತರಲು ಜತ್ತದ ತಹಸೀಲ ಕಚೇರಿಗೆ ಹೋಗಿದ್ದ. ಬೆಳಗಿನಿಂದ ಬಿಸಿಲಲ್ಲಿ ಪಾಳಿ. ಮಗ್ಗಲ ಬಾಗಿಲಿನಿಂದ ಬಿಳಿ ಪೈಜಾಮದ ಒಬ್ಬ ಏಜಂಟ ಒಳಗೆ ಹೋಗಿ, ಹೊರಗೆ ಬಂದು, ಎಲೆಯಡಿಕೆ ಉಗುಳಿ ಮತ್ತೆ ಒಳಗೆ ಹೋಗುತ್ತಿದ್ದ. ನಾವೂ ಆ ಬಾಗಿಲಿಂದ ಹೋಗಬಹುದೇನ್ರಿ ಎಂದು ಅಪ್ಪ ರುಮಾಲನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದ್ದಕ್ಕೆ ಸಿಪಾಯಿ, "ತೆ ರೋಜ ಯೇತಾತ," ಅವರು ದಿನಾ ಬರುವವರು, ಎಂದು ಮರಾಠಿಯಲ್ಲಿ ಹೇಳಿ ನಕ್ಕಿದ್ದ. ಅಪ್ಪನೂ ನಕ್ಕಿದ್ದ. ಅಪ್ಪ ನಕ್ಕದ್ದನ್ನು ಶಿವಯೋಗೆಪ್ಪ ಇವತ್ತಿಗೂ ಕ್ಷಮಿಸಿರಲಿಲ್ಲ. ದಿನಾ ಬರುವವನಾಗಬೇಕು, ಎಲ್ಲಿ ಹೋದರೂ ಮಗ್ಗಲ ಬಾಗಿಲಿಂದ ಹೋಗುವವನಾಗಬೇಕು ಎಂದು ಆಗಲೇ ಅಂದುಕೊಂಡಿದ್ದನೋ, ಅಥವಾ ಆಮೇಲೆ ಹಗ್ಗದ ಈಚೆ ನಡೆಯುವಾಗ ಆ ನೆನಪಿಗೆ ಅದನ್ನು ಸೇರಿಸಿಕೊಂಡನೋ, ಹೇಳುವುದು ಕಷ್ಟ.

"ನನಗ ತಿಳೀಲಾರದ್ದು ಒಂದೈತಿ," ಇನಾಯತ ಚಹಾ ಸುರಿದುಕೊಂಡು ಅಂದ. "ದಿನಾ ಹೋಗಾಂವ ನಾಳಿಗೂ ಹೋಗ್ತಾನ, ನಾಡದಕ್ಕೂ ಹೋಗ್ತಾನ. ನಾ ಜಲ್ಮದಾಗ ಒಂದ ಸಲ ಹೋದೆ. ಲಗೂನ ಯಾರನ್ನ ಬಿಡಬೇಕು? ಒಂದ ಸಲ ಹೋಗಾಂವನ್ನ ಬಿಡಬೇಕಲ್ಲ?"

"ಹಂಗಲ್ಲ ಕಾಕಾ. ನಮಗ ರೂಢಿ ಇರತೈತಿ. ಏನ ತಗೀಬೇಕು, ಎಲ್ಲಿ ಇಡಬೇಕು, ಎಲ್ಲಾ ಗೊತ್ತು. ನಾವು ತಡಾ ಮಾಡೂದಿಲ್ಲ. ಒಮ್ಮೆನೂ ಹೋಗಲಾರದವರು ಮಿಶಿನ್ ಮುಂದ ನಿಂತು ಒಂದೊಂದ ಕೇಳ್ಕೋತ ಕುಂತ್ರ ಹಿಂದಿನವರ ಗತಿ ಏನು?"

"ಕೇಳಬಾರದೇನು?"

"ಕೇಳ್ರಿ. ಆದ್ರ ಬ್ಯಾರೆ ಪಾಳ್ಯಾಗ ಕೇಳ್ರಿ."

ಒಳಗಿನಿಂದ ಅಕ್ಕನ ಗಂಡ ಬಸಗೊಂಡ ಎದ್ದು ಬಂದು ಕಂಬಕ್ಕೆ ಆನಿಕೊಂಡ. ಮಾತು ಕಡಿಮೆ, ಆಡಿದರೆ ತಮಾಷೆಯ ಮನುಷ್ಯ. "ನಾ ದಿನಾ ಬರಾಂವ, ನನಗ ಮೊದಲ ತುಂಬಿಸಿ ಕೊಡ್ರಿ ಅಂತ ನಾಳಿ ನಮ್ಮ ನಳದ ಮುಂದ ಹೇಳ ನೋಡೂನು. ಕೊಡದಲೆ ಹೊಡೀತಾರ ನಮ್ಮ ಹೆಣ್ಮಕ್ಳು," ಅಂದ. ಎಲ್ಲರೂ ನಕ್ಕರು. ಶಿವಯೋಗೆಪ್ಪನೂ ನಕ್ಕ. ಆದರೆ ಒಳಗೆ ಕಿರಿಕಿರಿಯಾಯಿತು. ಕೊಚ್ಚಿಯಲ್ಲಿ, ಮುಂಬೈಯಲ್ಲಿ ಯೋಗಿ ಸೇಠ್ ಎಂದರೆ ಜನ ಎದ್ದು ನಿಲ್ಲುತ್ತಿದ್ದರು. ಇಲ್ಲಿ ಅವನ ವಾದಕ್ಕೆ ನಳದ ಮುಂದಿನ ಹೆಂಗಸರು ಉತ್ತರ ಕೊಡುತ್ತಿದ್ದರು. ತಾನು ಹೇಳಿದ್ದು ಸರಿಯಾಗಿಯೇ ಇದೆ, ರೂಢಿಯಿದ್ದವರಿಂದ ಕೆಲಸ ಬೇಗ ಸಾಗುತ್ತದೆ ಎಂಬುದರಲ್ಲಿ ತಪ್ಪೇನಿದೆ ಎಂದು ಮನಸ್ಸಿನಲ್ಲೇ ಇನ್ನೊಮ್ಮೆ ವಾದ ಹೂಡಿದ. ಸರಿಯಾಗಿಯೇ ಇತ್ತು. ಆದರೆ ಬೆರಳು ತಾನಾಗಿ ಅಂಗಿಯ ಮೇಲಿನ ಗುಂಡಿಗೆ ಹೋಗಿ ಅದು ಹಾಕಿದೆಯೋ ಇಲ್ಲವೋ ನೋಡಿ ಬಂತು.

ಮಾಡಿ ತೋರಿಸೋಣ ಎಂಬ ಮಾತು ತೆಗೆದವನು ಇನಾಯತನೇ. ಹಜ್‌ಗೆ ಹೋಗುವ ಮೊದಲು ತಮಗೆಲ್ಲ ಸಾಂಗಲಿಯಲ್ಲಿ ಕೂರಿಸಿ ಹೀಗೇ ಕಲಿಸಿದ್ದರಂತೆ, ಹೆಣ್ಣುಮಗಳು ಅಲ್ಲಿ ಹೋಗಿ ಬೆದರುವುದಕ್ಕಿಂತ ಇಲ್ಲೇ ಒಮ್ಮೆ ನಡೆದು ನೋಡಲಿ ಎಂದ. ಶಿವಯೋಗೆಪ್ಪನಿಗೂ ಅದು ಅನುಕೂಲವೆನಿಸಿತು. ಎದುರೆದುರು ಹೇಳಲಾಗದ್ದನ್ನು ಆಟದಲ್ಲಿ ಹೇಳಿಬಿಡಬಹುದು. ಪಡಸಾಲೆಯ ನಡುಬಾಗಿಲು ತಪಾಸಣೆಯ ಬಾಗಿಲಾಯಿತು. ಕಾಳು ಕೇರುವ ಮರವೊಂದನ್ನು ಕಟ್ಟೆಯ ಮೇಲೆ ಇಟ್ಟು ಅದನ್ನು ಟ್ರೇ ಎಂದರು. ಬಸಗೊಂಡನ ಊರುಗೋಲನ್ನು ಇನಾಯತ ಕೈಗೆ ತೆಗೆದುಕೊಂಡು ಪೊಲೀಸಾದ. ಬಾಗಿಲ ಪಕ್ಕ ಹಗ್ಗಕ್ಕೆ ಅಕ್ಕನ ಸೀರೆಯನ್ನು ಇಳಿಬಿಟ್ಟು ಮೆಹನಾಜಳನ್ನು ಹಿಂದೆ ನಿಲ್ಲಿಸಿದರು, ಅವಳು ಹೆಂಗಸರ ಪೊಲೀಸು. ಮೆಹನಾಜಳಿಗೆ ನಗು ತಡೆಯಲಾಗಲಿಲ್ಲ. ಗೌರವ್ವ ಮಾತ್ರ ನಗಲಿಲ್ಲ. ನಾಳೆ ಆಪರೇಶನ್ನಿಗೆ ಹೋಗುವವಳು ತಾನೇ ಎಂಬಂತೆ ಗಂಭೀರವಾಗಿ ಸೆರಗು ಸುತ್ತಿಕೊಂಡು, ಗಂಟನ್ನು ಮರದಲ್ಲಿ ಇಟ್ಟು, ಹೇಳಿದಲ್ಲಿ ನಿಂತು, ಹೇಳಿದಾಗ ಹೊಸ್ತಿಲು ದಾಟಿದಳು. ಇನಾಯತ ಬಾಯಿಯಿಂದ ಕೂಂಯ್ ಎಂದು ಸದ್ದು ಮಾಡಿದ.

"ಯಾಕ? ಏನಾತು?"

"ನಿನ್ನ ಮೈಮ್ಯಾಲ ಏನೋ ಧಾತು ಐತಿ. ಪರದೆ ಹಿಂದ ಹೋಗು."

ಸೀರೆಯ ಹಿಂದೆ ಎರಡು ನೆರಳು. ಶಿವಯೋಗೆಪ್ಪ ಈಚೆ ನಿಂತು, ಇನ್ನೊಬ್ಬರ ವಿಷಯ ಹೇಳುವವನ ಹಾಗೆ, "ಮೆಹನಾಜ, ಕೊಳ್ಳಾಗ ಇರೂದನ್ನ ತಗೀಸು. ತಗದು ಟ್ರೇದಾಗ ಇಡಬೇಕಾಗತೈತಿ ಅಂತ ಹೇಳು," ಅಂದ. ಧ್ವನಿ ತನ್ನದಲ್ಲವೆನಿಸಿತು. ಆಚೆ ಮೆಹನಾಜಳ ನಗು ನಿಂತಿತು.

"ನಾ ಒಲ್ಲೆರಿ ಕಾಕಾ," ಅಂದಳು ಅವಳು. "ಆಯೀದು ಲಿಂಗ ಐತಿ. ಅದನ್ನ ನಾ ಹೆಂಗ ತಗೀ ಅನ್ನಲಿ?"

"ತಗ್ಯಾಂಗಿಲ್ಲ," ಗೌರವ್ವನ ಧ್ವನಿ. ಅವಳು ಪರದೆಯನ್ನು ಸರಿಸಿ ಹೊರಗೆ ಬಂದಳು. "ಜೀವ ಇರೂತನಕ ತಗ್ಯಾಂಗಿಲ್ಲ. ಇದು ನಿನಗ ಗೊತ್ತಿಲ್ಲೇನು?"

"ಗೊತ್ತೈತಿ ಅಕ್ಕಾ. ಆದ್ರ ಅಲ್ಲಿ ಗಡಬಡಿ ಇರತೈತಿ. ಒಂದ ಗಳಿಗಿ ಟ್ರೇದಾಗ ಇಟ್ಟು, ಆಚೀಕಡೆ ಮತ್ತ ಹಾಕ್ಕೊಂಡ್ರ ಆತು. ಸೃಷ್ಟಿ ಸಂಬಂಧ."

"ಸೃಷ್ಟಿ ಹೆಸರ ಯಾಕ ತರ್ತಿ? ನೀ ವಾರಾ ಹೋಗಾಂವ. ನೀ ಏನ ಮಾಡ್ತಿ?"

ಕೊನೆಗೂ ಅವಳು ಕೇಳಿದ್ದಳು. ಎಷ್ಟು ದಿನ ಕಾಯ್ದ ಪ್ರಶ್ನೆ ಎಂಬುದು ಅವಳಿಗೆ ತಿಳಿದಿರಲಿಲ್ಲ, ಸಹಜವಾಗಿ ಕೇಳಿದ್ದಳು. ಅವನ ಬಾಯಿಗೆ ಬಂದದ್ದು, "ನಂದು ಬ್ಯಾರೆ ಪಾಳಿ ಅಕ್ಕಾ."

"ಬ್ಯಾರೆ ಪಾಳ್ಯಾಗ ಹೆಂಗ ಮಾಡ್ತಾರ ತೋರ್ಸು. ನಾ ನೋಡ್ತೀನಿ."

ಇನಾಯತ ಊರುಗೋಲನ್ನು ನೆಟ್ಟಗೆ ಹಿಡಿದು ನಿಂತ. ಬೇಡವೆನ್ನಬಹುದಿತ್ತು. ಫೋನು ಬಂತೆಂದು ಅಂಗಳಕ್ಕೆ ಹೋಗಬಹುದಿತ್ತು. ಶಿವಯೋಗೆಪ್ಪ ಅದಾವುದನ್ನೂ ಮಾಡದೆ ಮರದ ಮುಂದೆ ಬಂದು ನಿಂತ, ನಿಂತ ಮೇಲೆ ಕೈಗಳು ಅವನನ್ನು ಕೇಳಲಿಲ್ಲ. ಗಡಿಯಾರ ಬಿಚ್ಚಿತು, ಬೆಲ್ಟು ಸರ್ರೆಂದು ಹೊರಗೆ ಬಂದು ಸುತ್ತಿಕೊಂಡಿತು, ಮೊಬೈಲು, ಪೆನ್ನು, ಕೀಲಿಗೊಂಚಲು, ಕಿಸೆಯ ಚಿಲ್ಲರೆ ಒಂದರ ಮಗ್ಗುಲಿಗೆ ಒಂದು ಮರದಲ್ಲಿ ಬಿದ್ದವು. ಆ ಕ್ಷಣಕ್ಕೆ ಅವನಿಗೆ ಭಯವೂ ಮರೆತುಹೋಗಿತ್ತು. ಎಷ್ಟು ಚಂದ ಮಾಡುತ್ತೇನೆ ಎಂಬ ಹುಮ್ಮಸ್ಸಷ್ಟೇ ಇತ್ತು. ಕೈ ಎರಡೂ ಅಗಲಿಸಿ ಹೊಸ್ತಿಲು ದಾಟಿ ಆಚೆ ಹೋಗಿ ತಿರುಗಿ ನಿಂತ. ಮೆಹನಾಜ ಚಪ್ಪಾಳೆ ತಟ್ಟಿದಳು. "ಯವ್ವಾ! ಕಣ್ಣ ಮುಚ್ಚಿ ತಗಿಯೂದ್ರಾಗ ಆತು!"

"ಎಲ್ಲಿ ಆತು?" ಇನಾಯತ ಪೊಲೀಸಿನ ಗತ್ತಿನಲ್ಲಿ ಮುಂದೆ ಬಂದ. "ಎಲ್ಲಾ ಇಟ್ಟಿ, ನಿಮ್ಮ ಲಿಂಗಪ್ಪನ್ನ ಇಟ್ಟ ಇಲ್ಲ. ಮಿಶಿನ್ ಒದರತೈತಿ ನೋಡೀಗ." ಅವನು ಊರುಗೋಲಿನ ತುದಿಯಿಂದ ಶಿವಯೋಗೆಪ್ಪನ ಎದೆಯ ನಡುವೆ ಮೆಲ್ಲಗೆ ತಟ್ಟಿದ. ಅಲ್ಲಿ ಕರಡಿಗೆ ಇರಬೇಕಾಗಿತ್ತು. ಕೋಲು ಅಂಗಿಗೆ ಒತ್ತಿ ಎಲುಬಿಗೆ ಹತ್ತಿತು. ಇನಾಯತ ಕೂಂಯ್ ಎನ್ನಲು ತೆರೆದ ಬಾಯನ್ನು ಹಾಗೇ ತೆರೆದು, ಕೋಲನ್ನು ತುಸು ಎಡಕ್ಕೆ, ಆಮೇಲೆ ಬಲಕ್ಕೆ ಇಟ್ಟು ನೋಡಿದ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಇದ್ದದ್ದು ಎಲ್ಲಿ ಹೋಯಿತೆಂದು ಹುಡುಕುತ್ತಿದ್ದ, ಅಷ್ಟೆ. ಬಸಗೊಂಡ ಕಂಬ ಬಿಟ್ಟು ನೆಟ್ಟಗಾದ. ಗೌರವ್ವ ತಮ್ಮನ ಎದೆಯನ್ನು ನೋಡಲಿಲ್ಲ. ಮರದೊಳಗೆ ಬಿದ್ದಿದ್ದ ಅವನ ಸಾಮಾನುಗಳನ್ನು, ಗಡಿಯಾರದಿಂದ ಚಿಲ್ಲರೆಯ ತನಕ, ಒಂದೊಂದಾಗಿ ನೋಡಿದಳು.

ಮುಂಬೈಯಲ್ಲಿ ಮೊದಲ ಸಲ ವಿಮಾನ ಹತ್ತಿದ ದಿನವೂ ಹೀಗೇ ಎದೆಯ ಮೇಲೆ ಒಂದು ಕೋಲು ನಿಂತಿತ್ತು. ಆಗ ಅವನಿಗಿನ್ನೂ ಕಾರ್ಡು ಇರಲಿಲ್ಲ, ಉದ್ದನೆಯ ಸಾಲಿನಲ್ಲಿ ನಿಂತಿದ್ದ. ಕೋಲು ಕೂಗಿತು. ಲಿಂಗವನ್ನು ತೆಗೆಯಬೇಕಾಯಿತು, ಟ್ರೇಯಲ್ಲಿ ಇಡಬೇಕಾಯಿತು. ಆ ಟ್ರೇಯಲ್ಲಿ ಅವನಿಗಿಂತ ಮೊದಲು ಯಾರೋ ತಮ್ಮ ಬೂಟು ಇಟ್ಟಿದ್ದರು, ಮಣ್ಣಿನ ಹೆಜ್ಜೆ ಇನ್ನೂ ಇತ್ತು. ಮಿಶಿನ್ನಿನ ಆಚೆ ಬಾಯಿಂದ ಅದು ಬೆಲ್ಟಿನ ಜೊತೆ ತೊಡರಿಕೊಂಡು ಬಂದಾಗ ಮತ್ತೆ ಕೊರಳಿಗೆ ಹಾಕಿಕೊಳ್ಳುವುದು ಸರಿಯಲ್ಲವೆನಿಸಿ ಕಿಸೆಯಲ್ಲಿಟ್ಟ. ಸ್ನಾನ ಮಾಡಿ ಹಾಕಿಕೊಂಡರಾಯಿತು ಎಂದುಕೊಂಡ. ಆಮೇಲೆ ಕಿಸೆಯಿಂದ ಚೀಲಕ್ಕೆ, ಚೀಲದಿಂದ ಅಂಗಡಿಯ ಮೇಜಿನ ಖಾನೆಗೆ. ಮುಂದಿನ ಸಲ ಆ ಬಾಗಿಲು ದಾಟುವಾಗ ಏನೂ ಕೂಗಲಿಲ್ಲ, ಯಾರೂ ನಿಲ್ಲಿಸಲಿಲ್ಲ. ಎಷ್ಟು ಹಗುರವಾಗಿತ್ತು ಆ ದಿನ. ಹಗುರವಾದದ್ದಕ್ಕೆ ನಾಚಿಕೆಯಾಗಿತ್ತು ನಿಜ, ಆದರೆ ವಿಮಾನ ಮೇಲೇರುವಷ್ಟರಲ್ಲಿ ಅದೂ ಇರಲಿಲ್ಲ.

"ಅವಂದು ಶಿವದಾರ ಹರದೈತಿ," ಎಂದಳು ಗೌರವ್ವ. ಧ್ವನಿಯಲ್ಲಿ ಏನೂ ಇರಲಿಲ್ಲ. "ಮುಂಜಾನೆ ನಾನ ಇಸಕೊಂಡು ದೇವರ ಕೋಣ್ಯಾಗ ಇಟ್ಟೀನಿ. ಹೊಸಾ ದಾರ ಹಾಕಿ ಕೊಡಬೇಕು."

ಇನಾಯತ "ಹಾಂ, ಅದಕ್ಕ ಮತ್ತ," ಎಂದು ಕೋಲು ಇಳಿಸಿದ. ನಂಬಿದನೋ, ನಂಬಬೇಕೆಂದು ನಂಬಿದನೋ. ಅವನು ಬಳೆ ತೊಡಿಸುತ್ತ ಮುದುಕನಾದವನು, ಹೆಂಗಸರ ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲುವುದು ಅವನಿಗೆ ಗೊತ್ತಿತ್ತು. ಮಾತು ತಿರುಗಿಸಲೆಂದು ತನ್ನ ತೋಳಿನ ತಾಯಿತದ ಸುದ್ದಿ ತೆಗೆದ. "ನಂದೂ ಒದರಿತ್ತು ಗೌರವ್ವಾ. ನಾ ಹೇಳಿದೆ, ಸಾಹೇಬ, ಇದು ನಮ್ಮ ಅಮ್ಮೀ ಕಟ್ಟಿದ್ದು, ಬಿಚ್ಚೂದಿಲ್ಲ, ನೀವ ನೋಡ್ಕೋರಿ ಅಂತ. ಒತ್ತಿ ನೋಡಿದಾ, ಮೂಸಿ ನೋಡಿದಾ, ಇನ್ನೊಬ್ಬನ್ನ ಕರದಾ. ಹಿಂದಿನವರು ಬಾಯಿಗಿ ಬಂದಂಗ ಬೈದ್ರು. ಬೈಲಿ! ಕಡೀಗಿ ಬಿಟ್ಟಾ. ಕೇಳಬೇಕು. ಕೇಳಿದ್ರ ಬಿಡ್ತಾರ." ಆಮೇಲೆ ಮಾವ ಸೊಸೆ ಇಬ್ಬರೂ ಸೃಷ್ಟಿಗೆ ಒಳ್ಳೆಯದಾಗಲಿ ಎಂದು ಹೇಳಿ ಹೋದರು. ಬಸಗೊಂಡ ಯಾರ ಮುಖವನ್ನೂ ನೋಡದೆ ಊರುಗೋಲು ಎತ್ತಿಕೊಂಡು ಹಿತ್ತಲಿಗೆ ಹೋದ. ಅಕ್ಕ ಸುಳ್ಳು ಹೇಳಿದ್ದನ್ನು ಶಿವಯೋಗೆಪ್ಪ ತನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ತನಗೆ ಹೊಡೆದಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ಅವಳು ಹಗ್ಗದ ಮೇಲಿನ ಸೀರೆ ತೆಗೆದು ಮಡಚುತ್ತಿದ್ದಳು. ಮಡಿಕೆಯ ಮೇಲೆ ಮಡಿಕೆ ಕೂಡಿಸಿ, ಅಂಚು ಹೊಂದಿಸಿ, ಆಮೇಲೆ ಕೇಳಿದಳು. "ತಗಿ ಅಂದ್ರೇನು?"

"ಯಾರು?"

"ಅಲ್ಲಿ ಪೊಲೀಸರು. ನಿನಗ ತಗಿ ಅಂದ್ರೇನು?"

ಹೂಂ ಎಂದರೆ ಮುಗಿಯುತ್ತಿತ್ತು. ಅಂದರು ಅಕ್ಕಾ, ಹಟ ಹಿಡಿದರು, ವಿಮಾನ ತಪ್ಪುತ್ತಿತ್ತು. ಇಷ್ಟು ವರ್ಷ ತನಗೆ ತಾನೇ ಹೇಳಿಕೊಂಡು ಬಂದದ್ದೂ ಅದನ್ನೇ. ಆದರೆ ಅವಳು ತನಗಾಗಿ ಈಗಷ್ಟೇ ಒಂದು ಸುಳ್ಳು ಹೇಳಿದ್ದಳು, ಅದರ ಮೇಲೆ ಇನ್ನೊಂದನ್ನು ಹೇರಲು ಅವನಿಂದಾಗಲಿಲ್ಲ. ಆ ಹುಡುಗ ಪೊಲೀಸು, ಮೀಸೆ ಸರಿಯಾಗಿ ಮೂಡದವನು, ಕೋಲನ್ನು ಎದೆಯ ಮೇಲೆ ಹಿಡಿದು ಇದೇನು ಎಂದಷ್ಟೇ ಕೇಳಿದ್ದ. ಏನೆಂದು ತಿಳಿಯಲು ಕೇಳಿದ್ದ. ಹೇಳಲು ಶಿವಯೋಗೆಪ್ಪ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ನಿಂತಿದ್ದ ಟೈ ಕಟ್ಟಿದ ಮನುಷ್ಯ ತನ್ನ ಗಡಿಯಾರ ನೋಡಿಕೊಂಡು ನಾಲಿಗೆಯಿಂದ ಚಿಚ್ ಎಂದ. ಅಷ್ಟೆ. ಶಿವಯೋಗೆಪ್ಪ ತಾನಾಗಿ ಶಿವದಾರವನ್ನು ತಲೆಯ ಮೇಲಿಂದ ಎತ್ತಿ ತೆಗೆದು, ಬೂಟಿನ ಮಣ್ಣಿದ್ದ ಆ ಟ್ರೇಯಲ್ಲಿಟ್ಟು, ಹಿಂದಿನವನ ಕಡೆ ತಿರುಗಿ ಕ್ಷಮಿಸಿ ಎಂದು ನಕ್ಕಿದ್ದ. ರುಮಾಲು ಕೈಯಲ್ಲಿ ಹಿಡಿದು ಅಪ್ಪ ನಕ್ಕ ನಗೆ ಅದು. ಇದು ಈಗ ಮಾತ್ರ ಹೊಳೆಯಿತು.

"ಇಲ್ಲ," ಅಂದ. "ಯಾರೂ ಅನ್ನಲಿಲ್ಲ ಅಕ್ಕಾ."

ಗೌರವ್ವ ಹಾಂ ಎಂದಳು. ಅಳುತ್ತಾಳೆ, ಬೈಯುತ್ತಾಳೆ, ಎಲ್ಲಿ ಇಟ್ಟೀ ಎಂದು ಕೇಳುತ್ತಾಳೆ ಎಂದು ಕಾದ. ಅವಳು ಸೀರೆಯನ್ನು ಗಂಟಿನ ಮೇಲಿಟ್ಟು, "ನಾ ಉದ್ದನ್ನ ಪಾಳ್ಯಾಗ ನಿಂದರ್ತೀನಿ. ಒದರಲಿ. ಕೇಳಿದವರಿಗೆ ಹೇಳ್ತೀನಿ," ಅಂದಳು.

"ನಾನೂ ನಿನ್ನ ಹಿಂದ ನಿಂದರ್ತೀನಿ ಅಕ್ಕಾ. ತಡಾ ಆದ್ರೂ ಆಗ್ಲಿ. ಅವರು ಹಿಂದಿ ಮಾತಾಡ್ತಾರ, ನಾ ತಿಳಿಸಿ ಹೇಳ್ತೀನಿ."

"ನೀ ಏನ ಹೇಳಾಂವ?" ಅಂದಳು ಅವಳು. ಸಿಟ್ಟಿನಿಂದಲ್ಲ. ನಿಜಕ್ಕೂ ಅವನು ಏನು ಹೇಳಬಹುದೆಂದು ಯೋಚಿಸಿದವಳ ಹಾಗೆ ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. "ಬ್ಯಾಡ. ನಿನ್ನ ಪಾಳ್ಯಾಗ ನೀ ಹೋಗು. ಆಚೀಕಡಿ ನಿಂತಿರು. ನಾ ಬರ್ತೀನಿ."

ಮಧ್ಯಾಹ್ನವನ್ನೆಲ್ಲ ಅವನು ಕಾರಿನವನ ಜೊತೆ ಜತ್ತಕ್ಕೆ ಹೋಗಿ ಪೆಟ್ರೋಲು ಹಾಕಿಸುವುದು, ಗಾಲಿಯ ಗಾಳಿ ನೋಡಿಸುವುದು ಎಂದು ಕಳೆದ. ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಫೋನು ಮಾಡಿದ. ಸೃಷ್ಟಿ ಅವ್ವ ಹೊರಟಳೇ ಎಂದು ಕೇಳಿದಳು, ಬರುತ್ತಾಳೆ ಎಂದ. ಅಲ್ಲಿಂದಲೇ ಪುಣೆಗೆ ಹೋಗಿ ಯಾವುದಾದರೂ ಹೋಟೆಲಿನಲ್ಲಿ ಮಲಗಿ, ನಸುಕಿನಲ್ಲಿ ಅಕ್ಕನಿಗೆ ಬೇರೆ ಗಾಡಿ ಕಳಿಸಿದರೆ ಹೇಗೆ ಎಂದೂ ಒಮ್ಮೆ ಅನಿಸಿತು. ಕೊಚ್ಚಿಯ ಖಾನೆಯಲ್ಲಿರುವುದನ್ನು ತೆಗೆದು ತೊಳೆದು ಅಯ್ಯನವರ ಕೈಯಿಂದ ಮತ್ತೆ ಕಟ್ಟಿಸಿಕೊಂಡರೆ ಎಲ್ಲ ಮೊದಲಿನಂತಾಗುತ್ತದೆ ಎಂದೂ ಅನಿಸಿತು. ಆದರೆ ಕಟ್ಟಿಸಿಕೊಳ್ಳುವವನು ಅದನ್ನು ಅಕ್ಕನಿಗಾಗಿ ಕಟ್ಟಿಸಿಕೊಳ್ಳುತ್ತಾನೆ, ಅದು ಅವಳಿಗೂ ಗೊತ್ತಿರುತ್ತದೆ. ಲೋಟ ಇಟ್ಟು ಎದ್ದ.

ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಬಸಗೊಂಡ ಕೈಕಾಲು ತೊಳೆದು ದೇವರ ಕೋಣೆಗೆ ಹೋಗುತ್ತಿದ್ದ. ಶಿವಯೋಗೆಪ್ಪನೂ ರೂಢಿಯಂತೆ ಕೈಕಾಲು ತೊಳೆದು ಬಂದು ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತ. ಮಾಮಾ, ಆಮೇಲೆ ಅಕ್ಕ, ಆಮೇಲೆ ತಾನು. ಹುಡುಗನಾಗಿದ್ದಾಗ ಹಸಿವು ತಾಳಲಾರದೆ ಈ ಗೋಡೆಗೇ ಒರಗಿ ಒಂದೊಂದು ಕಾಲಿನ ಮೇಲೆ ನಿಲ್ಲುತ್ತಿದ್ದ. ಅಕ್ಕ ಒಳಗಿನಿಂದ ಬೇಗ ಮುಗಿಸಿ ಬಂದು ನಿನ್ನ ಪಾಳಿ ಹೋಗು ಎಂದು ಬೆನ್ನು ತಟ್ಟುತ್ತಿದ್ದಳು. ಈಗ ಒಳಗೆ ಹೋದರೆ ಏನು ಮಾಡುವುದು, ಮತ್ತೆ ನೀರು ಬಿಡುವುದೇ ಎಂದು ಯೋಚಿಸುತ್ತಿದ್ದಾಗ ಗೌರವ್ವ ಅಡಿಗೆಮನೆಯಿಂದ ತಾಟು ಹಿಡಿದು ಬಂದಳು. ನೆಲ ಒರೆಸಿ, ಮಣೆ ಹಾಕಿ, ತಾಟು ಇಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಅಂಚಿಗೆ ಶೇಂಗಾದ ಹಿಂಡಿ. ಒಂದೇ ತಾಟು.

"ಕುಂಡ್ರು," ಅಂದಳು.

"ಮಾಮಾಂದು ಇನ್ನೂ ಆಗಿಲ್ಲಲ್ಲ ಅಕ್ಕಾ. ನಿಂದೂ ಆಗಬೇಕು."

"ನಮಗ ತಡಾ ಐತಿ," ಗೌರವ್ವ ನೀರಿನ ಲೋಟವನ್ನು ತಾಟಿನ ಬಲಕ್ಕೆ ಸರಿಸಿದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿದ ತಮ್ಮನ ಮೇಲಿನ ಕಕ್ಕುಲಾತಿಯೇ ಇತ್ತು. "ನೀ ಯಾಕ ಪಾಳಿ ಕಾಯ್ತಿ? ನಿಂದೇನೈತಿ? ಮೊದಲ ಉಂಡಬಿಡು."

ಅವನು ಕೂತ. ರೊಟ್ಟಿ ಮುರಿದ. ಮುಚ್ಚಿದ ಕದದ ಒಳಗೆ ಬಸಗೊಂಡ ಗುಣುಗುಣು ಮಂತ್ರ ಹೇಳುತ್ತಿದ್ದ. ಗೌರವ್ವ ಕೈ ತೊಳೆದುಕೊಂಡು, ಹಸಿದ ಹೊಟ್ಟೆಯಲ್ಲಿ, ದೇವರ ಕೋಣೆಯ ಬಾಗಿಲ ಹೊರಗೆ ತನ್ನ ಪಾಳಿಗೆ ಕೂತಳು.